ಬಲ ಮೈದಾನದ ಒಂದೇ ಜಾಗ

ಆ ವರ್ಷ ಜೂನ್ ತಿಂಗಳ ಹೊತ್ತಿಗೆ ಕೋಲ್ಬಿ ರೆನ್‌ಶಾ ಎಷ್ಟು ಸಲ ಔಟಾಗಿದ್ದಾನೆ ಎಂಬುದು ಅವನನ್ನು ಹೆತ್ತವಳಿಗೂ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತಿತ್ತು.

ನನ್ನ ಗಂಡ ಗ್ಯಾರೆಟ್ ಮತ್ತು ಕೋಲ್ಬಿ ಒಂದೇ ಬೇಸ್‌ಬಾಲ್ ತಂಡದವರು. ತಂಡದ ಹೆಸರು ಡೆಲ್ವಿನ್ ಹೆರನ್ಸ್. ದೊಡ್ಡ ಲೀಗಿಗಿಂತ ಎರಡು ಮೆಟ್ಟಿಲು ಕೆಳಗೆ. ಇಬ್ಬರೂ ಆಡುತ್ತಿದ್ದದ್ದು ಬಲ ಮೈದಾನದಲ್ಲಿ, ಅಲ್ಲಿ ನಿಲ್ಲಬೇಕಾದವನು ಒಬ್ಬನೇ. ವಾರಕ್ಕೆ ಆರು ಆಟವಿದ್ದರೆ ಐದರಲ್ಲಿ ಕೋಲ್ಬಿ ನಿಲ್ಲುತ್ತಿದ್ದ, ಒಂದರಲ್ಲಿ ಗ್ಯಾರೆಟ್.

ಗ್ಯಾರೆಟ್‌ಗೆ ಇಪ್ಪತ್ತೇಳು. ಹೊಸ ಆಟಗಾರರನ್ನು ತಂಡಗಳು ಸುತ್ತು ಸುತ್ತಾಗಿ ಆರಿಸಿಕೊಳ್ಳುವಾಗ ಅವನ ಹೆಸರು ಬಂದದ್ದು ಮೂವತ್ತೊಂದನೇ ಸುತ್ತಿನಲ್ಲಿ. ಅಂದರೆ ಬೇಕಾದವರನ್ನೆಲ್ಲ ಆರಿಸಿ ಮುಗಿದು, ಆರಿಸುವವರಿಗೇ ಆಕಳಿಕೆ ಬರುತ್ತಿದ್ದ ಹೊತ್ತಿನಲ್ಲಿ. ಅಲ್ಲಿಂದ ಆರು ವರ್ಷ, ಐದು ಊರು. ಪ್ರತಿ ಊರಿನಲ್ಲೂ ನಾನು ಕನ್ನಡಕದ ಅಂಗಡಿಯಲ್ಲೋ ಕಣ್ಣಿನ ಡಾಕ್ಟರ ಹತ್ತಿರವೋ ಕೆಲಸ ಹಿಡಿಯುತ್ತಿದ್ದೆ. ಕೋಲ್ಬಿಗೆ ಇಪ್ಪತ್ತೊಂದು, ಮೊದಲ ಸುತ್ತಿನ ಹುಡುಗ. ಸಹಿ ಹಾಕಿದ ದಿನ ಅವನ ಕೈಗೆ ಬಂದ ಹಣದಲ್ಲಿ ನಾವು ಬಾಡಿಗೆಗಿದ್ದ ಬೀದಿಯನ್ನು ಪೂರ್ತಿ ಕೊಳ್ಳಬಹುದಿತ್ತು.

ಈ ಆಟದಲ್ಲಿ ಬ್ಯಾಟ್ ಹಿಡಿದ ಹತ್ತು ಸರದಿಗೆ ಮೂರು ಸಲ ಚೆಂಡನ್ನು ಸರಿಯಾಗಿ ಹೊಡೆದವನು ಗಟ್ಟಿಗ. ಗ್ಯಾರೆಟ್ ವಾರಕ್ಕೆ ಸಿಕ್ಕಿದ ನಾಲ್ಕೇ ನಾಲ್ಕು ಸರದಿಗಳಲ್ಲೂ ಆ ಲೆಕ್ಕ ತಪ್ಪಿಸುತ್ತಿರಲಿಲ್ಲ. ಕೋಲ್ಬಿ ಹತ್ತಕ್ಕೆ ಎರಡೂ ಇಲ್ಲ. ಆದರೂ ಬ್ಯಾಟಿಂಗ್ ಕೋಚ್ ಮಧ್ಯಾಹ್ನದಿಂದಲೇ ಅವನ ಬೆನ್ನಿಗೆ ನಿಲ್ಲುತ್ತಿದ್ದ. ಅವನು ಬೀಸುವುದನ್ನು ನಾಲ್ಕು ಕ್ಯಾಮೆರಾ ಇಟ್ಟು ಸೆರೆಹಿಡಿಯುತ್ತಿದ್ದರು. ಮೇಲಿನ ಕಚೇರಿಯಿಂದ ದೊಡ್ಡವರು ವಿಮಾನದಲ್ಲಿ ಬಂದು, ಅವನ ಮೊಣಕಾಲು ಎಷ್ಟು ಬಗ್ಗಬೇಕೆಂದು ಚರ್ಚೆ ಮಾಡಿ ಹೋಗುತ್ತಿದ್ದರು. ಗ್ಯಾರೆಟ್‌ನ ಮೊಣಕಾಲು ಯಾರಿಗೂ ಬೇಕಿರಲಿಲ್ಲ. ಅವನ ಕೆಲಸ ಕೋಲ್ಬಿಯ ಅಭ್ಯಾಸಕ್ಕೆ ಬುಟ್ಟಿಗಟ್ಟಲೆ ಚೆಂಡು ಎಸೆದುಕೊಡುವುದು.

ಅದನ್ನು ಅವನು ಮನಸ್ಸಿಟ್ಟು ಮಾಡುತ್ತಿದ್ದ ಎನ್ನುವುದೇ ನನ್ನನ್ನು ಸುಡುತ್ತಿತ್ತು. ಒಮ್ಮೆ ಕೇಳಿದೆ, ನಿನಗೆ ಹೊಟ್ಟೆ ಉರಿಯೋದಿಲ್ವಾ ಎಂದು. ಅವನು ಬೆಳಗಿನ ಮೊಟ್ಟೆ ಬೇಯಿಸುತ್ತಿದ್ದ.

"ಉರಿಯುತ್ತೆ ಕಣೇ. ಉರಿದ್ರೆ ಏನು, ಚೆಂಡು ಎಸೆಯೋ ಕೈಗೆ ಅದೇನು ಗೊತ್ತಾಗುತ್ತಾ," ಎಂದ.

ನನಗೆ ಅಂಥ ಕೈ ಇರಲಿಲ್ಲ. ಆಟಗಾರರ ಮನೆಯವರಿಗೆಂದು, ಓಡುವವರು ಮುಟ್ಟಬೇಕಾದ ಮೂರನೇ ಬೇಸಿನ ಕಡೆ ಒಂದು ಸಾಲು ಕುರ್ಚಿ ಮೀಸಲಿತ್ತು. ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಕೋಲ್ಬಿ ಮದುವೆಯಾಗಬೇಕಿದ್ದ ಹುಡುಗಿ ಡೆಲೇನಿ. ಮಿಸಿಸಿಪಿಯ ಕಡೆಯವಳು, ನನಗಿಂತ ಆರು ವರ್ಷ ಚಿಕ್ಕವಳು, ಹಾಗಾಗಿ ಅವರ ಕಡೆಯ ಮರ್ಯಾದೆಯಂತೆ ನನ್ನನ್ನು ಮಿಸ್ ಮಾರ್ಲಾ ಎಂದೇ ಕರೆಯುತ್ತಿದ್ದಳು. ದಿನವೂ ಒಂದು ಪೊಟ್ಟಣ ಬೇಯಿಸಿದ ಕಡಲೆಕಾಯಿ ತರುತ್ತಿದ್ದಳು, ಮೊದಲ ಹಿಡಿ ನನಗೆ. ಅವಳ ಕಡಲೆಕಾಯಿ ಸುಲಿದು ತಿನ್ನುತ್ತ ನಾನು ಅವಳ ಹುಡುಗ ಸೋಲಲಿ ಎಂದು ಬಯಸುತ್ತಿದ್ದೆ. ಅವನು ಮೂರು ಸಲ ಬೀಸಿ ಮೂರೂ ಗಾಳಿಗೆ ಹೋಗಿ ಔಟಾದಾಗ ಅವಳು ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. "ಪಾಪ, ಮುಂದಿನ ಸಲ," ಎನ್ನುತ್ತಿದ್ದೆ. ಒಳಗೆ ತಂಪಾಗುತ್ತಿತ್ತು.

ಅವನು ಎಡಗೈ ಬ್ಯಾಟಿನವನು, ನಿಂತಾಗ ಮುಖ ನಮ್ಮ ಕಡೆಗೇ ಇರುತ್ತಿತ್ತು. ಚೆಂಡು ಎಸೆಯುವವನನ್ನು ನೋಡಲು ಕತ್ತನ್ನು ಬಲಕ್ಕೆ ಹೊರಳಿಸಿ, ಕಣ್ಣನ್ನು ಇನ್ನಷ್ಟು ಬಲಕ್ಕೆ ಎಳೆದು ನಿಲ್ಲಬೇಕು. ಪ್ರತಿ ಚೆಂಡಿನ ನಂತರವೂ ಅವನು ಹೊರಗೆ ಬಂದು, ತಲೆ ನೇರ ಮಾಡಿ, ಎರಡು ಸಲ ಗಟ್ಟಿಯಾಗಿ ರೆಪ್ಪೆ ಬಡಿಯುತ್ತಿದ್ದ. ಆಟಗಾರರಿಗೆ ಇಂಥ ಅಭ್ಯಾಸಗಳು ನೂರೆಂಟು, ಯಾರೂ ಗಮನಿಸುವುದಿಲ್ಲ. ನಾನು ದ್ವೇಷದಿಂದ ದಿಟ್ಟಿಸುತ್ತಿದ್ದೆನಲ್ಲ, ಗಮನಿಸಿದೆ.

ಜೂನ್ ಎರಡನೇ ವಾರ ಡೆಲೇನಿ ಮಾತಿಗೆ ಮಾತು ಬಂದು ಹೇಳಿದಳು, ಏಪ್ರಿಲಿನಲ್ಲಿ ಕೋಲ್ಬಿ ಕಣ್ಣಿಗೆ ಹಾಕಿಕೊಳ್ಳುವ ಲೆನ್ಸ್ ಮುಗಿದು ಹೋಗಿತ್ತಂತೆ. ಊರೂರು ತಿರುಗಾಟದ ನಡುವೆ ಡಾಕ್ಟರ ಬಳಿ ಹೋಗಲು ಪುರುಸೊತ್ತಿಲ್ಲದೆ ಫೋನಿನಲ್ಲೇ ಬೇರೆ ಕಂಪನಿಯದ್ದನ್ನು ತರಿಸಿಕೊಂಡನಂತೆ. ನಂಬರು ಅದೇ, ಹಾಗಾಗಿ ತೊಂದರೆಯೇನಿಲ್ಲ ಎಂದಳು.

ಅವನ ರೆಪ್ಪೆ ಬಡಿತ ನೆನಪಾಗಿ ನನ್ನ ಬಾಯಲ್ಲಿದ್ದ ಕಡಲೆ ಹಾಗೇ ನಿಂತಿತು. ಕಣ್ಣುಗುಡ್ಡೆ ಪೂರ್ತಿ ಗುಂಡಗಿಲ್ಲದವರಿಗೆ ಕೊಡುವ ಲೆನ್ಸ್ ಒಂದೇ ದಿಕ್ಕಿನಲ್ಲಿ ಕೂತಿರಬೇಕು. ಅಳತೆ ಸ್ವಲ್ಪ ಸಡಿಲವಾದರೂ, ಕಣ್ಣು ಒಂದು ಬದಿಗೆ ಎಳೆದಾಗ ಅದು ತಿರುಗಿಬಿಡುತ್ತದೆ. ಆಗ ಎಲ್ಲ ಮಬ್ಬು. ನೇರ ನೋಡಿದರೆ ಮತ್ತೆ ಸರಿ. ಗೋಡೆಯ ಅಕ್ಷರ ಓದಿಸಿದರೆ ಕೊನೆಯ ಸಾಲಿನವರೆಗೂ ಓದುತ್ತಾನೆ. ಬಲ ಮೈದಾನದಲ್ಲಿ ನಿಂತು ಮೇಲಿನಿಂದ ಬರುವ ಚೆಂಡನ್ನು ಸುಲಭವಾಗಿ ಹಿಡಿಯುತ್ತಾನೆ. ಬ್ಯಾಟ್ ಹಿಡಿದು ನಿಂತಾಗ ಮಾತ್ರ ಚೆಂಡು ಬೂದಿ ಬಣ್ಣದ ಉಂಡೆಯಂತೆ ಕಾಣುತ್ತದೆ. ಎರಡು ತಿಂಗಳಿಂದ ಕಂಡು ರೂಢಿಯಾದದ್ದನ್ನು ಅವನು ತನ್ನ ಕೈಯದೇ ತಪ್ಪು ಎಂದುಕೊಂಡಿದ್ದ. ನಾಲ್ಕು ಕ್ಯಾಮೆರಾದವರೂ ಕೈಯನ್ನೇ ನೋಡುತ್ತಿದ್ದರು.

ಹೇಳಲು ಅರ್ಧ ನಿಮಿಷ ಸಾಕಾಗಿತ್ತು. ನಾನು ಕಡಲೆ ನುಂಗಿ, ಇವತ್ತು ಸೆಕೆ ಜಾಸ್ತಿ ಎಂದೆ.

ಕಾರಣವಿತ್ತು. ಕೋಲ್ಬಿಯನ್ನು ತಿಂಗಳ ಕೊನೆಗೆ ಕೆಳಗಿನ ತಂಡಕ್ಕೆ ಇಳಿಸುತ್ತಾರೆ ಎಂದು ಎಲ್ಲರ ಬಾಯಲ್ಲಿ ಮಾತು ಓಡಾಡುತ್ತಿತ್ತು. ಇನ್ನೂ ಎಷ್ಟು ದಿನ ಕಾಯುವುದು, ಮೊದಲ ಸುತ್ತಾದರೇನು, ಆಗದವನಿಂದ ಆಗುವುದಿಲ್ಲ ಎಂದು ಊರಿನ ರೇಡಿಯೋದವನೂ ಹೇಳತೊಡಗಿದ್ದ. ಅವನು ಇಳಿದರೆ ಬಲ ಮೈದಾನ ಗ್ಯಾರೆಟ್‌ನದು, ದಿನವೂ. ದಿನವೂ ಆಡಿದರೆ ಮೇಲಿನವರ ಕಣ್ಣಿಗೆ ಬೀಳುತ್ತಾನೆ. ಇನ್ನು ಹದಿನೈದು ದಿನ ಸುಮ್ಮನಿದ್ದರಾಯಿತು. ನಾನೇನು ಯಾರ ಕಣ್ಣಿಗೂ ಮಣ್ಣು ಹಾಕುತ್ತಿಲ್ಲ, ಕೇಳದವರಿಗೆ ಹೇಳುತ್ತಿಲ್ಲ ಅಷ್ಟೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂಗಡಿಗೆ ಬಂದವರ ಕನ್ನಡಕದ ಮೂಗುಪಟ್ಟಿ ಸರಿಮಾಡುತ್ತ, ಕಾಗದ ಓದಲಾಗದೆ ಬಂದ ಮುದುಕರಿಗೆ ಬೆಳಕು ಹಿಡಿಯುತ್ತ ದಿನ ದೂಡಿದೆ. ಗ್ಯಾರೆಟ್‌ಗೂ ಹೇಳಲಿಲ್ಲ. ಹೇಳಿದರೆ ಬೂಟು ಹಾಕಿಕೊಳ್ಳುವಷ್ಟೂ ತಡೆಯದೆ ಕೋಲ್ಬಿಯ ಮನೆಗೆ ಓಡುತ್ತಾನೆ ಎಂದು ನನ್ನ ಲೆಕ್ಕ.

ಒಂದು ಶನಿವಾರ ಮಧ್ಯಾಹ್ನ ಕೋಲ್ಬಿ ಹೇಗೋ ಒಂದನ್ನು ಬೇಲಿಯಾಚೆಗೆ ಹೊಡೆದ. ಜನರೆಲ್ಲ ಎದ್ದರು. ಡೆಲೇನಿ ನನ್ನನ್ನು ತಬ್ಬಿಕೊಂಡು ಅತ್ತಳು. ಅವಳ ಭುಜದ ಮೇಲಿಂದ ನಾನು ಬೆಂಚಿನಲ್ಲಿದ್ದ ಗ್ಯಾರೆಟ್‌ನನ್ನು ನೋಡಿದೆ; ಎಲ್ಲರಿಗಿಂತ ಮುಂದೆ ನಿಂತು ಕೋಲ್ಬಿಯ ಹೆಲ್ಮೆಟ್ಟಿಗೆ ಬಡಿಯುತ್ತಿದ್ದ. ಆ ದಿನ ಮನೆಗೆ ಬಂದು ಬಾಗಿಲು ಹಾಕಿಕೊಂಡು ಮಲಗಿದೆ. ತಲೆನೋವು ಎಂದೆ.

ಜುಲೈ ಎರಡನೇ ತಾರೀಕು ತಂಡದ ಮ್ಯಾನೇಜರ್ ಗ್ಯಾರೆಟ್‌ನನ್ನು ಕೋಣೆಗೆ ಕರೆದ. ಎಲ್ಲರೂ ಸ್ಕಿಪ್ ಎಂದು ಕರೆಯುತ್ತಿದ್ದ ಆತ ಒಳ್ಳೆಯ ಮನುಷ್ಯ, ಬಾಗಿಲು ಮುಚ್ಚಿ ಕುರ್ಚಿ ಕೊಟ್ಟನಂತೆ. ಕೆಳಗಿನಿಂದ ಹತ್ತೊಂಬತ್ತರ ಹುಡುಗನೊಬ್ಬ ಬರುತ್ತಿದ್ದಾನೆ, ಜಾಗ ಬೇಕು, ನಿನ್ನನ್ನು ಬಿಡುಗಡೆ ಮಾಡುತ್ತಿದ್ದೇವೆ ಎಂದನಂತೆ. ಗ್ಯಾರೆಟ್ ಒಂದೇ ಒಂದು ಪ್ರಶ್ನೆ ಕೇಳಿದ್ದ, ಕೋಲ್ಬಿ ಕತೆ ಏನು ಎಂದು. ಅವನಿಗೆ ಇನ್ನೂ ಮುನ್ನೂರು ಸರದಿ ಕೊಟ್ಟು ನೋಡಬೇಕೆಂದು ಮೇಲಿನವರ ಹುಕುಂ ಎಂದು ಸ್ಕಿಪ್ ಹೇಳಿದ್ದ.

"ಮುನ್ನೂರಾ?" ಎಂದೆ.

"ಅವನ ಮೇಲೆ ದುಡ್ಡು ಸುರಿದಿದ್ದಾರೆ. ಅಷ್ಟು ಬೇಗ ಕೈ ಬಿಡ್ತಾರಾ," ಎಂದ ಗ್ಯಾರೆಟ್. "ನನ್ನನ್ನ ಕೈ ಬಿಡೋಕೆ ಮೊದಲು ಹಿಡ್ಕೊಂಡಿದ್ರೆ ತಾನೇ."

ಅವನು ಬಚ್ಚಲಿಗೆ ಹೋಗಿ ನೀರು ತೆರೆದಿಟ್ಟುಕೊಂಡು ತುಂಬ ಹೊತ್ತು ಒಳಗೇ ಇದ್ದ. ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ನನ್ನ ಮೌನಕ್ಕೆ ಒಂದು ಬೆಲೆಯಿದೆ ಎಂದುಕೊಂಡಿದ್ದೆ. ಬೆಲೆ ಕೊಡುವವರೇ ಇರಲಿಲ್ಲ. ಈಗ ಹೇಳಿದರೆ ನಮಗೆ ನಷ್ಟವೂ ಇಲ್ಲ. ಆದರೂ ಹೇಳಬೇಕೆನ್ನಿಸಲಿಲ್ಲ. ಅದುವರೆಗೆ ಗಂಡನಿಗಾಗಿ ಸುಮ್ಮನಿದ್ದೇನೆ ಎನ್ನಬಹುದಿತ್ತು. ಈಗ ಉಳಿದದ್ದು ಬರೀ ಹೊಟ್ಟೆಕಿಚ್ಚು. ಮುನ್ನೂರು ಸರದಿಯನ್ನೂ ಹೀಗೇ ಗಾಳಿಗೆ ಬೀಸಲಿ, ಸುರಿದ ದುಡ್ಡೆಲ್ಲ ನೀರಿಗೆ ಹೋಗಲಿ ಎಂದೇ ಬಯಸಿದೆ.

ಎರಡು ದಿನದ ನಂತರ ಸಾಮಾನು ಕಟ್ಟುತ್ತಿದ್ದಾಗ ಡೆಲೇನಿ ಬಂದಳು. ಒಂದು ಪಾತ್ರೆ ತುಂಬ ಕೋಳಿ ಮತ್ತು ಅನ್ನ ಸೇರಿಸಿ ಬೇಯಿಸಿದ ಅಡುಗೆ, ಮೇಲೆ ಚೀಸು. ಗ್ಯಾರೆಟ್ ಗಾಡಿಗೆ ಗಾಳಿ ತುಂಬಿಸಲು ಹೋಗಿದ್ದ. ಅವಳು ಕಣ್ಣೊರೆಸಿಕೊಳ್ಳುತ್ತ ನನಗೆ ತಟ್ಟೆಗಳನ್ನು ಕಾಗದದಲ್ಲಿ ಸುತ್ತಿಕೊಡುತ್ತ ಕೂತಳು. ಗ್ಯಾರೆಟ್ ಹೋಗುತ್ತಿರುವುದಕ್ಕೆ ಕೋಲ್ಬಿಗೆ ಮುಖ ತೋರಿಸಲು ನಾಚಿಕೆಯಾಗಿದೆ ಎಂದಳು. ಆಮೇಲೆ ದನಿ ತಗ್ಗಿಸಿದಳು.

"ಯಾರಿಗೂ ಹೇಳ್ಬೇಡಿ ಮಿಸ್ ಮಾರ್ಲಾ. ಅವನು ಆಟ ಬಿಡ್ತಾನಂತೆ. ಅವರಪ್ಪನಿಗೆ ಫೋನ್ ಮಾಡಿ ಹೇಳಿದ್ದಾನೆ. ತಂಡದವರು ನನ್ನನ್ನ ಬಿಡ್ತಿಲ್ಲ, ನಾನೇ ಬಿಡ್ತೀನಿ ಅಂತ."

ಮೊದಲು ಬಂದದ್ದು ಖುಷಿಯೇ. ಸುಳ್ಳು ಹೇಳಲಾರೆ. ಬಿಡಲಿ, ಅವನಿಗೂ ಗೊತ್ತಾಗಲಿ ಎನ್ನಿಸಿತು.

ಡೆಲೇನಿ ಚೀಲದಿಂದ ಒಂದು ಸಣ್ಣ ಪೊಟ್ಟಣ ತೆಗೆದಳು. ಕೋಲ್ಬಿಯ ಲೆನ್ಸ್ ಖಾಲಿಯಾಗಿದೆ, ಬಿಡುವವರೆಗಾದರೂ ಆಡಬೇಕಲ್ಲ, ನಿಮ್ಮ ಅಂಗಡಿಯಲ್ಲಿ ಬೇಗ ತರಿಸಿಕೊಡಲಾಗುತ್ತದೆಯೇ ಎಂದು ಕೇಳಿದಳು. ನಾನು ಅದನ್ನು ಕೈಗೆ ತೆಗೆದುಕೊಂಡು, ಅಂಗಡಿಯಲ್ಲಿ ದಿನಕ್ಕೆ ಐವತ್ತು ಸಲ ಮಾಡುವಂತೆ ತಿರುಗಿಸಿ ಹಿಂಬದಿಯ ಅಳತೆ ಓದಿದೆ. ನಾನು ಊಹಿಸಿದ್ದಕ್ಕಿಂತ ಸಡಿಲ. ಆಮೇಲೆ ನಡೆದದ್ದರಲ್ಲಿ ನನ್ನ ಒಳ್ಳೆಯತನವೇನೂ ಇಲ್ಲ. ಎಂಟು ವರ್ಷ ಅದೇ ಕೆಲಸ ಮಾಡಿದ ಬಾಯಿ ತಾನಾಗಿ ಮಾತಾಡಿತು.

"ಇದನ್ನ ಅವನು ಹಾಕ್ಕೊಳ್ಳಲೇಬಾರದು. ಬಲಕ್ಕೆ ನೋಡಿದಾಗ ಮಬ್ಬಾಗುತ್ತಾ ಅಂತ ಕೇಳು."

ಅವಳು ಅಲ್ಲಿಂದಲೇ ಫೋನ್ ಮಾಡಿದಳು. ಆಚೆಯಿಂದ ಕೋಲ್ಬಿ, ಎಲ್ಲರಿಗೂ ಹಾಗೇ ಆಗೋದಿಲ್ವಾ ಎಂದನಂತೆ.

"ನಿಮಗೆ ಇದು ಯಾವಾಗ ಗೊತ್ತಾಯ್ತು?" ಎಂದು ಡೆಲೇನಿ ಕೇಳಿದಳು. ಅನುಮಾನದಿಂದಲ್ಲ, ಬೆರಗಿನಿಂದ.

"ಈಗ. ಪೊಟ್ಟಣ ನೋಡಿದ ಮೇಲೆ," ಎಂದೆ.

ಅವಳು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ನಾನು ಕೆಲಸಕ್ಕಿದ್ದ ಅಂಗಡಿಯ ಡಾಕ್ಟರಮ್ಮನಿಗೆ ಹೇಳಿ ಮರುದಿನ ಬೆಳಿಗ್ಗೆಯೇ ಅವನನ್ನು ನೋಡುವಂತೆ ಮಾಡಿದೆ. ನಾವು ಊರು ಬಿಟ್ಟದ್ದೂ ಅದೇ ಬೆಳಿಗ್ಗೆ.

ದಾರಿಯಲ್ಲಿ ಗ್ಯಾರೆಟ್ ನನ್ನನ್ನು ಹೊಗಳಲು ಶುರುಮಾಡಿದ. ಇಡೀ ತಂಡದವರಿಗೆ ಕಾಣದ್ದು ನಿನಗೆ ಕಂಡಿತಲ್ಲ ಎಂದು ಸ್ಟಿಯರಿಂಗ್ ತಟ್ಟಿ ನಕ್ಕ. ಕೆಂಟಕಿಯ ಗಡಿ ದಾಟುವವರೆಗೆ ಸಹಿಸಿಕೊಂಡೆ. ಆಮೇಲೆ ಹೇಳಿಬಿಟ್ಟೆ: ನನಗೆ ಮೂರು ವಾರದಿಂದ ಗೊತ್ತಿತ್ತು.

ಅವನು ನಗುವುದನ್ನು ನಿಲ್ಲಿಸಿದ.

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಅವತ್ತೇ ಓಡಿಹೋಗಿ ಅವನಿಗೆ ಹೇಳ್ತಿದ್ದೆ."

ಅವನು ಯೋಚಿಸಿದ. ಗ್ಯಾರೆಟ್ ಕೇಳಿದ್ದಕ್ಕೆ ಯೋಚಿಸದೆ ಉತ್ತರ ಕೊಡುವವನಲ್ಲ.

"ಅವತ್ತೇ ಅಲ್ಲ," ಎಂದ. "ಆ ವಾರದ ಆಟ ಮುಗೀಲಿ ಅಂತ ಕಾಯ್ತಿದ್ದೆನೇನೋ. ಆ ಭಾನುವಾರ ನಾನು ಆಡೋದಿತ್ತು."

ಮತ್ತೆ ನಮ್ಮಿಬ್ಬರಲ್ಲಿ ಆ ವಿಷಯ ಬರಲಿಲ್ಲ. ಆದರೆ ಅವನು ನನ್ನನ್ನು ಹೊಗಳುವುದನ್ನು ನಿಲ್ಲಿಸಿದ, ಅದು ನನಗೆ ಸಮಾಧಾನ ತಂದಿತು.

ಹೊಸ ಲೆನ್ಸ್ ಬಂದ ಮೊದಲ ವಾರವೂ ಕೋಲ್ಬಿ ಹೊಡೆಯಲಿಲ್ಲ. ಮಬ್ಬಿಗೆ ಹೊಂದಿಕೊಂಡಿದ್ದ ಕೈ ಬೆಳಕಿಗೆ ಹೊಂದಿಕೊಳ್ಳಬೇಕಿತ್ತು. ಆಗಸ್ಟಿನಲ್ಲಿ ಹೊಡೆಯತೊಡಗಿದವನು ನಿಲ್ಲಲಿಲ್ಲ. ಮರುವರ್ಷ ಒಂದು ಮೆಟ್ಟಿಲು ಮೇಲೆ ಹೋದ. ಅವನನ್ನು ಬಿಡದೆ ಕಾದ ತಂಡದವರ ತಾಳ್ಮೆಯನ್ನು ಪತ್ರಿಕೆಗಳು ಕೊಂಡಾಡಿದವು. ಅಷ್ಟರಲ್ಲಿ ಗ್ಯಾರೆಟ್ ತನ್ನ ಹುಟ್ಟೂರಿನ ಹೈಸ್ಕೂಲಿನಲ್ಲಿ ಸಂಜೆ ಮಕ್ಕಳಿಗೆ ಆಟ ಕಲಿಸುತ್ತ, ಹಗಲು ಮರದ ಮಂಡಿಯಲ್ಲಿ ಲಾರಿ ಓಡಿಸುತ್ತಿದ್ದ. ನಾನು ಇನ್ನೊಂದು ಕನ್ನಡಕದ ಅಂಗಡಿ ಹಿಡಿದಿದ್ದೆ.

ಆ ಮೇ ತಿಂಗಳಲ್ಲಿ ಕೋಲ್ಬಿಯ ತಂಡ ನಮ್ಮಿಂದ ಒಂದೂವರೆ ಗಂಟೆ ದೂರದ ಊರಿಗೆ ಬಂತು. ಡೆಲೇನಿ ಎರಡು ಟಿಕೆಟ್ ಕಳಿಸಿದ್ದಳು. ಹೋಗುವುದಿಲ್ಲ ಎಂದೆ, ಹೋದೆ. ಆಟಕ್ಕೆ ಮುಂಚೆ ಕೋಲ್ಬಿ ಬೇಲಿಯ ಹತ್ತಿರ ಬಂದು ಟೋಪಿ ತೆಗೆದು, ನನ್ನನ್ನು ಮ್ಯಾಮ್ ಎಂದು ಕರೆದು, ನಿಮ್ಮ ಋಣ ತೀರಿಸಲಾರೆ ಎಂದ. ಅವನ ಮುಖ ನೋಡಲಾಗಲಿಲ್ಲ. ಅಂಗಿಯ ಗುಂಡಿ ನೋಡುತ್ತ, ಲೆನ್ಸ್ ಸರಿಯಾಗಿ ಕೂತಿದೆಯಾ ಎಂದು ಕೇಳಿದೆ. ಮೂರನೇ ಸರದಿಯಲ್ಲಿ ಅವನು ಚೆಂಡನ್ನು ಬಲ ಮೈದಾನದ ಬೇಲಿಗೆ ಬಡಿಸಿ ಎರಡನೇ ಬೇಸಿಗೆ ಓಡಿ ನಿಂತ. ಗ್ಯಾರೆಟ್ ಎದ್ದು ನಿಂತು ಶಿಳ್ಳೆ ಹಾಕಿದ. ನಾನು ಕೂತಲ್ಲೇ ಚಪ್ಪಾಳೆ ತಟ್ಟಿದೆ. ಹೊಟ್ಟೆಯೊಳಗೆ ಹಳೆಯ ಉರಿ ಇನ್ನೂ ಇತ್ತು, ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಡೆಲೇನಿ ಕಡಲೆಕಾಯಿಯ ಪೊಟ್ಟಣ ಮುಂದೆ ಹಿಡಿದಳು. ಬೇಡ, ಊಟ ಆಗಿದೆ ಎಂದೆ.