ಪೀಪಾಯಿಗೆ ಕೈಯೂರಿ ನಿಂತವನು

ಕಂಪನಿ ಕೊಳ್ಳುವವರ ಪರವಾಗಿ ಅದರ ಹುಳುಕು ಹುಡುಕುವುದು ನನ್ನ ಹೊಟ್ಟೆಪಾಡು. ಹಾಳಾದ ಕೆಲಸ, ನಿಜ. ಅಮೆರಿಕದ ಟೊಲೀಡೊ ಊರಿನ ಸಾಬೊ ಕೆಮಿಕಲ್ಸ್‌ನಲ್ಲಿ ಮಾತ್ರ ಮೂರು ದಿನ ತಡಕಾಡಿದರೂ ಹುಳುಕೇ ಸಿಗಲಿಲ್ಲ. ಲೆಕ್ಕಪತ್ರವೆಲ್ಲ ಚೊಕ್ಕ. ಮಾಲಕಿ ವಿಲ್ಮಾ ಸಾಬೊ, ಎಪ್ಪತ್ತು ದಾಟಿದ ವಿಧವೆ, ದಿನಾ ಮಧ್ಯಾಹ್ನ ನನಗೂ ಗೌಲಾಶ್ ಎಂಬ ಮಾಂಸದ ಸಾರು ಬಡಿಸುತ್ತಿದ್ದರು.

ಆದರೆ ಇವರು ತಯಾರಕರಿಂದ ತಂದು ಮಾರುತ್ತಿದ್ದ ರಾಸಾಯನಿಕಗಳನ್ನೇ ಶಿಕಾಗೊದ ದೊಡ್ಡ ಕಂಪನಿಗಳು ಅಗ್ಗಕ್ಕೆ ಮಾರುತ್ತಿದ್ದವು. ಇವರ ಹತ್ತಿರ ಉಳಿದಿದ್ದದ್ದು ಒಂದೇ ಆಸ್ತಿ, ‘ಬ್ಲೂ ಹೆರಾನ್’ ಎಂಬ ಹೆಸರು. ಯಂತ್ರದ ಜಿಡ್ಡು ತೆಗೆಯಬೇಕೆಂದರೆ ಗ್ಯಾರೇಜಿನವರು ಆ ಹೆಸರು ಹೇಳಿಯೇ ಕೇಳುತ್ತಿದ್ದರು. ಕೊಳ್ಳುವವರಿಗೆ ಬೇಕಿದ್ದದ್ದೂ ಅದೇ. ಹೆಸರು ಗಟ್ಟಿಯಾಗಿದ್ದರೆ ಹತ್ತೊಂಬತ್ತು ಜನರ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಉಗ್ರಾಣಕ್ಕೆ ಬೀಗ.

ನಾಲ್ಕನೇ ದಿನ ಟ್ರೇಡ್‌ಮಾರ್ಕ್ ಕಡತ ತೆಗೆದೆ. ಹತ್ತು ವರ್ಷಕ್ಕೊಮ್ಮೆ ನವೀಕರಿಸುವಾಗ, ಈ ಹೆಸರನ್ನು ಈಗಲೂ ಸರಕಿನ ಮೇಲೆ ಹಾಕುತ್ತಿದ್ದೇವೆ ಎಂದು ಪ್ರಮಾಣ ಮಾಡಿ ಈಗಿನ ಫೋಟೋ ಕಳಿಸಬೇಕು. 2021ರಲ್ಲಿ ಕಳಿಸಿದ್ದ ಫೋಟೋದಲ್ಲಿ ಬ್ಲೂ ಹೆರಾನ್ ಲೇಬಲ್ಲಿನ ಪೀಪಾಯಿಗೆ ಕೈಯೂರಿ ಒಬ್ಬ ನಗುತ್ತಿದ್ದ. ಅದೇ ಮುಖ ಎದುರಿನ ಗೋಡೆಯ ಮೇಲೂ ಇತ್ತು. ಕೆಳಗೆ ಬರೆದಿತ್ತು: ಎಮಿಲ್ ಸಾಬೊ, 1948–2013.

ಕಡತವನ್ನು ವಿಲ್ಮಾ ಅವರ ಮುಂದಿಟ್ಟೆ.

“ಮೇಡಂ, ಈ ಫೋಟೋ ಯಾವಾಗಿಂದು?”

“ಪ್ರತಿ ಸಲಾನೂ ಅದನ್ನೇ ಕಳ್ಸೋದು ಮಾರಾಯ. ಪೀಪಾಯಿಗೇನು ವಯಸ್ಸಾಗುತ್ತಾ?”

“ಹಾಗಾದ್ರೆ ಈಗಿರೋ ಪೀಪಾಯಿ ಒಂದು ತೋರ್ಸಿ.”

ಉಗ್ರಾಣದ ತುಂಬ ಬಿಳಿ ಪ್ಲಾಸ್ಟಿಕ್ ತೊಟ್ಟಿಗಳು, ಮೇಲೆಲ್ಲ ತಯಾರಕರ ಹೆಸರು. ಗಂಡ ಎಮಿಲ್ ಹೋದ ಮೇಲೆ ಮಾಲನ್ನು ತಮ್ಮ ಪೀಪಾಯಿಗೆ ತುಂಬಿಸುವುದನ್ನೇ ನಿಲ್ಲಿಸಿದ್ದರಂತೆ. ಬ್ಲೂ ಹೆರಾನ್ ಉಳಿದಿದ್ದು ಜನರ ಬಾಯಲ್ಲಿ ಮಾತ್ರ.

ವಿಲ್ಮಾ ಕಪಾಟಿನಿಂದ ಹಳೆಯ ಲೇಬಲ್ಲುಗಳ ಸುರುಳಿ ತಂದರು. “ಈಗ್ಲೇ ಅಂಟಿಸ್ತೀನಿ, ಬೇರೆ ಫೋಟೋ ತೆಗಿ.”

“ಆಗಲ್ಲ ಮೇಡಂ. ಸುಳ್ಳು ಪ್ರಮಾಣಕ್ಕೆ ನಿಮ್ಮ ಸಹಿ ಬಿದ್ದಾಗಿದೆ. ನಾನು ಮುಚ್ಚಿಟ್ರೂ ಶಿಕಾಗೊದವರು ಬಿಡ್ತಾರಾ? ಕೆದಕಿ ಹೆಸರನ್ನೇ ರದ್ದು ಮಾಡಿಸ್ತಾರೆ.”

“ನಾನೇನು ಮೋಸ ಮಾಡೋಕೆ ಹೋದ್ನೇನೋ? ಅವ್ನಿಲ್ದಿರೋ ಫೋಟೋ ಕಳ್ಸೋಕೆ ಮನಸ್ಸು ಬರ್ಲಿಲ್ಲ, ಅಷ್ಟೇ.”

ಕಾನೂನಿನ ಮೇಲೆ, ಕೊಳ್ಳುವವರ ಮೇಲೆ, ಕೊನೆಗೆ ಆ ಮುದುಕಿಯ ಮೇಲೂ ಸಿಟ್ಟು ಬಂತು. ಸಿಟ್ಟು ಬಂದು ಏನು ಮಾಡುವುದು? ಅವರ ಗೌಲಾಶ್ ಉಂಡ ಕೈಯಲ್ಲೇ ವರದಿ ಬರೆದೆ: ಈ ಹೆಸರು ನಿಲ್ಲುವುದಿಲ್ಲ.

“ಫೋಟೋನೂ ಜೊತೆಗೆ ಕಳಿಸ್ಬೇಕಾ?” ಎಂದರು ವಿಲ್ಮಾ.

“ಕಳಿಸ್ಲೇಬೇಕು.”

“ಹಾಗಾದ್ರೆ ಅವ್ನ ಮುಖ ಮುಚ್ಚಿ ಕಳ್ಸಪ್ಪಾ. ಇಲ್ಲಿರೋರೆಲ್ಲ ಅವ್ನು ಕೆಲ್ಸಕ್ಕೆ ತಗೊಂಡ ಹುಡುಗ್ರು. ಅವ್ರನ್ನ ಬೀದಿಗೆ ಹಾಕೋಕೆ ಅವ್ನೇ ಸಾಕ್ಷಿ ಹೇಳೋದು ಬೇಡ.”

ಮುಖ ಮುಚ್ಚಿದರೆ ಅದು ಬರೀ ಒಂದು ಪೀಪಾಯಿ. ಫೋಟೋ ಹಳೆಯದು ಎಂದು ಹೇಳುವುದು ಆ ಮುಖ ಒಂದೇ. ನಾನು ತಲೆ ತಗ್ಗಿಸಿ ಅದನ್ನು ಇದ್ದ ಹಾಗೇ ಸ್ಕ್ಯಾನ್ ಮಾಡಿದೆ.

ತಲೆ ಎತ್ತಿದಾಗ ವಿಲ್ಮಾ ಕುರ್ಚಿ ಹತ್ತಿದ್ದರು. ಗಂಡನ ಫೋಟೋವನ್ನು ಮೊಳೆಯಿಂದ ತೆಗೆದು, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಮತ್ತೆ ನೇತುಹಾಕಿದರು.