ಹುಳುಕು ಹಲ್ಲಿನ ಹುಳ

ಸೊಸೆ ಹಲ್ಲಿನ ಡಾಕ್ಟರು, ಅತ್ತೆಗೆ ಹಲ್ಲುನೋವು. ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಆದರೆ ಡ್ರಿಲ್ಲಿನ ಸದ್ದು ಕೇಳಿದರೆ ಅತ್ತೆಗೆ ಜೀವವೇ ಬಾಯಿಗೆ ಬರುತ್ತಿತ್ತು. ಲವಂಗ ಕಚ್ಚಿಕೊಂಡು, ಒಂದೇ ಕಡೆ ಅಗಿಯುತ್ತಾ ದಿನ ನೂಕುತ್ತಿದ್ದರು. ಕ್ಲಿನಿಕ್ಕಿಗೆ ಲೇಸರ್ ಬಂತು ನೋಡಿ, ಸೊಸೆ ಬಿಡಲಿಲ್ಲ. "ಬನ್ನಿ ಅತ್ತೆ, ಕೊರೆಯೋದೇ ಇಲ್ಲ, ಬರೀ ಬೆಳಕು" ಎಂದು ಎಳೆದುಕೊಂಡು ಹೋದಳು.

ಬಣ್ಣದ ಕನ್ನಡಕ ಹಾಕಿ ಕುರ್ಚಿಯಲ್ಲಿ ಒರಗಿಸಿದಳು. ನೀರು ಚಿಮ್ಮಿತು, ಟಿಕ್ ಟಿಕ್ ಅಂತ ಸಣ್ಣ ಸದ್ದು, ಹುಳುಕೆಲ್ಲ ಹೋಯಿತು. ಅತ್ತೆ ಒಂದು ಸಲವೂ 'ಹಾ' ಅನ್ನಲಿಲ್ಲ. ಎದ್ದು ಬಾಯಿ ಮುಕ್ಕಳಿಸಿ ಕೇಳಿದ್ದು ಒಂದೇ: "ಹುಳ ಎಲ್ಲಿ?"

ಹುಳುಕು ಅಂದ ಮೇಲೆ ಹುಳ ಇರಲೇಬೇಕಲ್ಲ! ಅದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಎಂದು ಬಿಡಿಸಿ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹೊರಗೆ ಜನ ಕಾಯುತ್ತಿದ್ದರು, ಪಕ್ಕದಲ್ಲಿ ನರ್ಸ್ ಮುಸಿಮುಸಿ ನಗುತ್ತಿದ್ದಳು, ಸೊಸೆಗೂ ಹಾಳು ತಲೆಹರಟೆ ಬುದ್ಧಿ. ಬಾಯಿಂದ ತೆಗೆದ ಹತ್ತಿಯಲ್ಲಿ ವಸಡಿನ ರಕ್ತ ಹತ್ತಿದ್ದ ಒಂದೆಳೆ ಕಿತ್ತು ತಟ್ಟೆಯಲ್ಲಿಟ್ಟು, "ಇಗೋ ನಿಮ್ಮ ಹುಳ, ಸುಟ್ಟು ಹಾಕಿದ್ದೀನಿ" ಎಂದಳು. ಅತ್ತೆ ಬಗ್ಗಿ ನೋಡಿದರು, ಸೊಸೆಯ ಮುಖ ನೋಡಿದರು. ಆಮೇಲೆ ಅದನ್ನು ಕಾಗದದಲ್ಲಿ ಮಡಚಿ ಪರ್ಸಿಗೆ ಹಾಕಿಕೊಂಡರು. ಅವರು ಹೊರಗೆ ಹೋದದ್ದೇ ತಡ, ಡಾಕ್ಟರೂ ನರ್ಸೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೆಲವು ದಿನ ಕಳೆದು ಅತ್ತೆ ತಮ್ಮ ಗೆಳತಿಯನ್ನು ಕರೆದುಕೊಂಡು ಬಂದರು. ಆಕೆಗೂ ಹಲ್ಲುನೋವು, ಆಕೆಗೂ ಭಯ. ಧೈರ್ಯ ತುಂಬಲು ಅತ್ತೆ ಕಾಯುವ ಕೋಣೆಯಲ್ಲೇ ಕಾಗದ ಬಿಚ್ಚಿದರು. "ನೋಡೇ, ಇಷ್ಟುದ್ದ ಹುಳ! ನನ್ನ ಸೊಸೆ ಬೆಳಕಲ್ಲೇ ಸುಟ್ಟು ತೆಗೆದಳು."

ಎದುರು ಕೂತಿದ್ದ ಮುದುಕರೊಬ್ಬರು ಬಗ್ಗಿ ನೋಡಿ ಗಹಗಹಿಸಿದರು. "ಅಮ್ಮಾ, ಅದು ದಾರ! ಬಸ್ ಸ್ಟ್ಯಾಂಡಲ್ಲಿ ಕೂತು ಹಲ್ಲು ಕೀಳ್ತಿದ್ದ ಕಳ್ಳರು ಹೀಗೇ ಹುಳ ತೋರಿಸ್ತಿದ್ರು. ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ ನಿಮಗೆ!" ಕೋಣೆಗೆ ಕೋಣೆಯೇ ನಕ್ಕಿತು.

ನಗು ಕೇಳಿ ಸೊಸೆ ಬಾಗಿಲು ತೆರೆದಳು. ಅತ್ತೆ ಕೆಂಪಗಾಗಿ ನಿಂತಿದ್ದರು. "ನನ್ನ ಸೊಸೆ ಸುಳ್ಳು ಹೇಳೋಳಲ್ಲ. ಬಂದಳಲ್ಲ, ಅವಳನ್ನೇ ಕೇಳಿ!"

ಎಲ್ಲರ ಕಣ್ಣೂ ಅವಳ ಮೇಲೆ. ಹೌದು, ಹುಳವೇ ಅಂದರೆ ತಾನೂ ಆ ಬಸ್ ಸ್ಟ್ಯಾಂಡಿನ ಕಳ್ಳರ ಜಾತಿ. ಮಾತಾಡದಿದ್ದರೆ, ತನ್ನ ಪರ ನಿಂತ ಮುದುಕಿ ಊರಿಗೆಲ್ಲ ನಗೆಪಾಟಲು. ನಾಚಿಕೆಯಿಂದ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅವರು ಹೇಳಿದ್ದು ನಿಜ ಅತ್ತೆ. ಅದು ಹತ್ತಿಯ ಎಳೆ. ತಮಾಷೆಗೆ ಅಂತ ನಾನೇ ಇಟ್ಟೆ. ನಿಮ್ಮದೇನೂ ತಪ್ಪಿಲ್ಲ, ಮೋಸ ಮಾಡಿದ್ದು ನಾನು. ಕ್ಷಮಿಸಿ."

ಯಾರೂ ನಗಲಿಲ್ಲ. ಅತ್ತೆ ಕಾಗದ ಮಡಚಿದರು.

"ನಂಗೂ ಆವತ್ತೇ ದಾರದ ಥರ ಕಂಡಿತ್ತಮ್ಮ. ಡಾಕ್ಟರು ನೀನು, ನನ್ನ ಕಣ್ಣೇ ಸರಿ ಇಲ್ಲ ಅಂದ್ಕೊಂಡೆ."

ಸೊಸೆಗೆ ತಲೆ ಎತ್ತಲಾಗಲಿಲ್ಲ. ಗೆಳತಿ ಮೆಲ್ಲಗೆ ಎದ್ದು ಹೊರಡಲು ನೋಡಿದಳು. ಅತ್ತೆ ಅವಳ ಭುಜ ಒತ್ತಿ ಮತ್ತೆ ಕೂರಿಸಿದರು.

"ನೀನು ತೋರಿಸ್ಕೋ ಕಣೇ. ಇವಳ ಕೈಗುಣ ಒಳ್ಳೇದು, ನೋವು ಪೂರ್ತಿ ಹೋಗಿದೆ. ಮಾತು ಮಾತ್ರ ನಂಬಬೇಡ" ಎಂದು ಹೇಳಿ, ಒಬ್ಬರೇ ಮನೆಗೆ ಹೊರಟರು.