ತೊಟ್ಟಿಯ ಮಧ್ಯಾಹ್ನದ ಭಾರ

ಆ ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಅವರನ್ನು ತಕ್ಕಡಿ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಒಂದು ದಿನವೂ ಯಾರಿಗೂ ಪಾಠ ಹೇಳಿದವರಲ್ಲ. ಆದರೆ ತೂಕ ಹಾಕದೆ ಬಾಯಿ ಬಿಡುತ್ತಿರಲಿಲ್ಲ, ತೂಕ ಹಾಕಿದ ಮೇಲೆ ಬಾಯಿ ಮುಚ್ಚುತ್ತಿರಲಿಲ್ಲ. ಮಳೆಯನ್ನೇ ನಂಬಿದ ಬೆಳೆ ಒಟ್ಟು ಎಷ್ಟು ನೀರು ಕುಡಿಯಿತು, ಕುಡಿದ ನೀರಿಗೆ ಎಷ್ಟು ಕಾಳು ಕೊಟ್ಟಿತು ಅಂತ ಲೆಕ್ಕ ಹಾಕುವುದು ಅವರ ಕೆಲಸ.

ಇದಕ್ಕಾಗಿ ಹೊಲದ ನಡುವೆ ಒಂದು ಕಬ್ಬಿಣದ ತೊಟ್ಟಿಯನ್ನು ಹೂಳಿಸಿದ್ದರು. ಜೋಡಿ ಮಂಚದಷ್ಟು ಅಗಲ, ಆಳು ಮುಳುಗುವಷ್ಟು ಆಳ. ಒಳಗೆ ಮಣ್ಣು, ಮಣ್ಣಿನಲ್ಲಿ ಸುತ್ತಲಿನ ಹೊಲದ್ದೇ ಜೋಳ, ಅಡಿಯಲ್ಲಿ ತೂಕದ ಯಂತ್ರ. ಮಳೆ ಬಂದರೆ ತೊಟ್ಟಿ ಭಾರವಾಗುತ್ತದೆ, ಜೋಳ ನೀರು ಹೀರಿ ಗಾಳಿಗೆ ಬಿಟ್ಟಷ್ಟೂ ಹಗುರಾಗುತ್ತದೆ. ಯಂತ್ರ ದಿನವಿಡೀ ತೂಕ ಬರೆದುಕೊಳ್ಳುತ್ತಿದ್ದರೂ ಮೇಷ್ಟ್ರು ನೋಡುತ್ತಿದ್ದುದು ಮುಂಜಾನೆಯದನ್ನು ಮಾತ್ರ. ಗಾಳಿ ಎದ್ದ ಮೇಲೆ ಜೋಳ ಕುಣಿಯುತ್ತದೆ, ಕುಣಿಯುವವರನ್ನು ತೂಗಬಾರದು ಎಂಬುದು ಅವರ ಸಿದ್ಧಾಂತ.

ಈ ತೊಟ್ಟಿಗೆ ಈಗ ಕುತ್ತು ಬಂದಿತ್ತು. ಖರ್ಚು ಹೆಚ್ಚು, ಉಪಯೋಗ ಕಾಣೆವು ಅಂತ ಮೇಲಿನವರು ಒಂದು ಸಮಿತಿ ಮಾಡಿದ್ದರು. ಈ ಹಂಗಾಮಿನ ಲೆಕ್ಕ ನಂಬುವಂತಿದ್ದರೆ ತೊಟ್ಟಿ ಉಳಿಯುತ್ತದೆ, ಇಲ್ಲವಾದರೆ ಕಿತ್ತು ಗುಜರಿಗೆ. ಮೇಷ್ಟ್ರಿಗೆ ಊಟ ರುಚಿಸುತ್ತಿರಲಿಲ್ಲ. ಆದರೂ ಉಣ್ಣುತ್ತಿದ್ದರು, ಯಾಕೆಂದರೆ ಹೆಂಡತಿ ದಿನಾ ಮಧ್ಯಾಹ್ನ ಬಿಸಿಲಲ್ಲಿ ನಡೆದು ಬಂದು ಡಬ್ಬಿ ಕೊಡುತ್ತಿದ್ದಳು. ಡಬ್ಬಿಯ ಜೊತೆ ನೀರಿನ ಕ್ಯಾನನ್ನೂ ತರುತ್ತಿದ್ದಳು. ಮೇಷ್ಟ್ರು ಡಬ್ಬಿ ಇಸಿದುಕೊಂಡು ಕ್ಯಾನನ್ನು ಬಾಗಿಲಲ್ಲೇ ತಡೆಯುತ್ತಿದ್ದರು. ಅವರು ಕೂರುತ್ತಿದ್ದುದು ಮಣ್ಣು ಒಣಗಿಸಿ ತೂಗುವ ಕೋಣೆಯಲ್ಲಿ. ಅಲ್ಲಿಗೆ ಒಂದು ಹನಿ ನೀರೂ ಬರಕೂಡದು, ಉಂಡು ಮುಗಿಸುವವರೆಗೆ ಹೆಂಡತಿಯೂ ಬರಕೂಡದು. ಅವಳು ಅಷ್ಟು ಹೊತ್ತು ಎಲ್ಲಿ ಕಾಯುತ್ತಾಳೆ ಅಂತ ಅವರು ಒಂದು ದಿನವೂ ಕೇಳಿರಲಿಲ್ಲ.

ಕೊಯ್ಲಾಯಿತು. ಕಾಳು ತೂಗಿ, ನೀರಿನಿಂದ ಭಾಗಿಸಿ ನೋಡಿದರೆ ಮೇಷ್ಟ್ರು ಮೂಗಿನ ಮೇಲೆ ಬೆರಳಿಟ್ಟರು. ಸುತ್ತಲಿನ ಹೊಲಕ್ಕಿಂತ ತೊಟ್ಟಿಯ ಜೋಳ ಕಡಿಮೆ ನೀರು ಕುಡಿದು ಎಷ್ಟೋ ಹೆಚ್ಚು ಕಾಳು ಕೊಟ್ಟಿತ್ತು! ಡೈರೆಕ್ಟರು ಕುಣಿದಾಡಿಬಿಟ್ಟರು. "ಪವಾಡ ಕಣ್ರೀ ಇದು! ಸಮಿತಿಯವರ ಬಾಯಿ ಮುಚ್ಚಿಸ್ಬಿಡೋಣ."

ಮೇಷ್ಟ್ರಿಗೆ ಮಾತ್ರ ನಂಬಿಕೆ ಬರಲಿಲ್ಲ. ಜೋಳ ಪವಾಡ ಮಾಡುವುದಿಲ್ಲ. ಬಾಗಿಲು ಹಾಕಿಕೊಂಡು ಇಡೀ ಹಂಗಾಮಿನ ಹಗಲಿನ ತೂಕವನ್ನೆಲ್ಲ ಗೆರೆಯಾಗಿ ಎಳೆದು ನೋಡಿದರು. ಮೋಡವಿಲ್ಲದ ಮಧ್ಯಾಹ್ನಗಳಲ್ಲಿ ತೊಟ್ಟಿ ಇದ್ದಕ್ಕಿದ್ದಂತೆ ಎಪ್ಪತ್ತು ಕಿಲೋ ಆಸುಪಾಸು ಭಾರವಾಗುತ್ತಿತ್ತು! ಸ್ವಲ್ಪ ಹೊತ್ತಿಗೆ ಇಳಿಯುತ್ತಿತ್ತು. ಇಳಿದಾಗ ಮೊದಲಿಗಿಂತ ಒಂದೆರಡು ಕಿಲೋ ಜಾಸ್ತಿಯೇ ಉಳಿಯುತ್ತಿತ್ತು.

ಅಂದರೆ ಯಾರೋ ಬಂದು ತೊಟ್ಟಿಯ ಮೇಲೆ ಕೂರುತ್ತಿದ್ದಾರೆ, ಏಳುವ ಮೊದಲು ನೀರು ಸುರಿಯುತ್ತಿದ್ದಾರೆ. ಮಳೆಯೊಂದೇ ಗತಿ ಅಂದುಕೊಂಡ ಬೆಳೆಗೆ ಯಾರೋ ಕದ್ದು ನೀರು ಕುಡಿಸಿದ್ದರು. ಆ ನೀರನ್ನು ಲೆಕ್ಕಕ್ಕೆ ಹಿಡಿಯದ್ದರಿಂದಲೇ ಪವಾಡ.

ಮೇಷ್ಟ್ರು ಪತ್ತೇದಾರರಾದರು. ಮೊದಲ ಅನುಮಾನ ವಾಚ್‌ಮನ್ ಮೇಲೆ. ಆರೋಗ್ಯದ ನೆಪ ಹೇಳಿ ಕಾಳಿನ ಚೀಲ ತೂಗುವ ಯಂತ್ರಕ್ಕೆ ಹತ್ತಿಸಿದರು. ಅವನು ಐವತ್ತೂ ದಾಟಲಿಲ್ಲ.

"ಊಟ ಗೀಟ ಮಾಡ್ತೀಯೇನಯ್ಯಾ?"

"ಮಾಡ್ತೀನಿ ಮೇಷ್ಟ್ರೇ, ಮೈಗೆ ಹತ್ತಲ್ಲ. ಯಾಕೆ, ಏನಾಯ್ತು?"

ಡೈರೆಕ್ಟರನ್ನು ಹತ್ತಿಸುವ ಧೈರ್ಯ ಬರಲಿಲ್ಲ, ಅಗತ್ಯವೂ ಇರಲಿಲ್ಲ. ಅವರ ಗಾತ್ರದವರು ಕೂತಿದ್ದರೆ ತೊಟ್ಟಿ ಅಂದೇ ಗುಜರಿ ಸೇರುತ್ತಿತ್ತು. ಮತ್ತೆ ಗೆರೆ ನೋಡಿದರೆ, ಭಾನುವಾರ ಯಾರೂ ಕೂತಿರಲಿಲ್ಲ. ಮೇಷ್ಟ್ರು ಜ್ವರ ಬಂದು ಮನೆಯಲ್ಲಿ ಮಲಗಿದ್ದ ವಾರವೂ ಕೂತಿರಲಿಲ್ಲ.

"ನೀವು ಬಂದ ದಿನ ಮಾತ್ರ ಬರೋರು ಯಾರೋ ಇದ್ದಾರೆ ಅಂದಂಗಾಯ್ತು," ಅಂದ ವಾಚ್‌ಮನ್, ಸಂಗತಿ ಕೇಳಿ ನಗು ತಡೆದುಕೊಂಡು. "ನಿಮ್ಮ ಮೇಲೆ ಯಾರಿಗೋ ಮನಸ್ಸಾಗಿರ್ಬೇಕು ಮೇಷ್ಟ್ರೇ."

ಮೇಷ್ಟ್ರು ಕೆಂಪಗಾಗಿ ಬೈದು ಕಳಿಸಿದರು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಅದೇ ಕಥೆ. ಇವರ ತಪ್ಪೂ ಪೂರ್ತಿ ಅಲ್ಲ ಅನ್ನಿ. ಮದುವೆಯಾದಾಗಿನಿಂದ ಹೆಂಡತಿ ತನ್ನ ತೂಕ ಐವತ್ತೈದು ಅಂತಲೇ ಹೇಳಿಕೊಂಡು ಬಂದಿದ್ದಳು. ಪ್ರಪಂಚವನ್ನೆಲ್ಲ ತೂಗಿ ನೋಡುವ ಮನುಷ್ಯ ಇದೊಂದನ್ನು ಕೇಳಿಯೇ ನಂಬಿದ್ದರು.

ಸಮಿತಿ ಬರುವ ಹಿಂದಿನ ಸಂಜೆ ಗೆರೆಯ ಹಾಳೆಗಳನ್ನು ಮನೆಗೆ ತಂದು ಊಟದ ಮೇಜಿನ ತುಂಬ ಹರಡಿ ತಲೆ ಮೇಲೆ ಕೈ ಹೊತ್ತು ಕೂತರು.

"ಏನ್ರೀ ಅದು?" ಅಂದಳು ಹೆಂಡತಿ, ಕೈ ಒರೆಸಿಕೊಳ್ಳುತ್ತಾ.

"ಯಾವುದೋ ಎಪ್ಪತ್ಮೂರು ಕಿಲೋ ಪೀಡೆ ಕಣೇ. ದಿನಾ ಬಂದು ನನ್ನ ತೊಟ್ಟಿ ಮೇಲೆ ಕೂತು ನನ್ನ ಹೊಟ್ಟೆ ಮೇಲೆ ಹೊಡೆದಿದೆ."

ಹೆಂಡತಿಯ ಕೈ ನಿಂತಿತು. "ತೊಟ್ಟಿ ಬೆಳಿಗ್ಗೆ ಮಾತ್ರ ತೂಗುತ್ತೆ ಅಂದಿದ್ರಲ್ಲ?"

"ನಾನು ನೋಡೋದು ಬೆಳಿಗ್ಗೆ. ಅದು ದಿನವಿಡೀ ತೂಗುತ್ತೆ."

ಅವಳು ಹಾಳೆಗಳ ಕಡೆಗೆ ಬಾಗಿದಳು. "ಎಪ್ಪತ್ಮೂರು ಅನ್ನೋದು ಯಾವಾಗ?"

"ಹಂಗಾಮಿನ ಮೊದಲಲ್ಲಿ."

"ಕೊನೇಲಿ?"

ಮೇಷ್ಟ್ರು ಬೆರಳಿಟ್ಟು ನೋಡಿದರು. "ಅರವತ್ತೈದು."

"ಅರವತ್ತೈದಾ! ನಿಜವಾಗ್ಲೂ? ಕ್ಯಾನಿನ ಭಾರ ಕಳೆದ್ರೋ ಇಲ್ವೋ? ಚಪ್ಪಲೀನೂ ಕಳೀರಿ!" ಹಾಗಂದವಳೇ ನಾಲಿಗೆ ಕಚ್ಚಿಕೊಂಡಳು.

ಮೇಷ್ಟ್ರ ತಲೆಗೆ ಈಗ ಹೊಳೆಯಿತು. ಅವಳೇ ಶುರು ಮಾಡಿದಳು. "ವರಾಂಡದಲ್ಲಿ ಕೂತ್ರೆ ಆ ವಾಚ್‌ಮನ್ ತಲೆ ತಿಂತಾನೆ. ಜೋಳದ ನೆರಳಿತ್ತು, ತೊಟ್ಟಿ ಅಂಚು ಅಗಲವಾಗಿತ್ತು. ನೆಲದಲ್ಲಿ ಇರುವೆ ಅಂತ ಕಾಲು ಮೇಲೆ ಮಡಚ್ಕೊಂಡು ಕೂತ್ಕೋತಿದ್ದೆ. ನಿಮ್ಗೆ ಅಂತ ತಂದ ನೀರು ನೀವು ಮುಟ್ತಿರ್ಲಿಲ್ಲ. ಪಾಪ, ನನಗೆ ನೆರಳು ಕೊಟ್ಟು ತಾವು ಬಾಡಿ ನಿಂತಿದ್ವು. ಅವಾದ್ರೂ ಕುಡೀಲಿ ಅಂತ ಹಾಕ್ದೆ."

"ಅಷ್ಟು ದೂರ ನಡೀಬೇಡ, ಡಬ್ಬಿ ನಾನೇ ಒಯ್ತೀನಿ ಅಂತ ಎಷ್ಟು ಸಲ ಹೇಳಿಲ್ಲ?"

"ಡಬ್ಬಿಗಲ್ಲ ರೀ ನಾನು ನಡೆದಿದ್ದು. ಮೈ ಇಳಿಸ್ಬೇಕು ಅಂತ ನಡೆದಿದ್ದು. ಇವತ್ತು ಹೇಳ್ತೀರೇನೋ ನಾಳೆ ಹೇಳ್ತೀರೇನೋ ಅಂತ ದಿನಾ ನಿಮ್ಮ ಬಾಗಿಲಲ್ಲಿ ನಿಂತೆ. ಡಬ್ಬಿ ನೋಡ್ತಿದ್ರಿ, ಕ್ಯಾನು ನೋಡ್ತಿದ್ರಿ."

ಮೇಷ್ಟ್ರಿಗೆ ನಾಚಿಕೆಯಾಯಿತು. ಜೋಳದ ಎಲೆ ಒಂದು ತೊಟ್ಟು ನೀರು ಕಳೆದುಕೊಂಡರೆ ತನಗೆ ಗೊತ್ತಾಗುತ್ತಿತ್ತು, ಎದುರಿಗೆ ನಿಂತವಳು ಎಂಟು ಕಿಲೋ ಕಳೆದುಕೊಂಡದ್ದು ಗೊತ್ತಾಗಲಿಲ್ಲ. ಅವಳ ಮುಖ ನೋಡಿದರು. ಹೌದು, ಕೆನ್ನೆ ಇಳಿದಿತ್ತು, ಬಳೆ ಮೊಣಕೈವರೆಗೂ ಜಾರುತ್ತಿತ್ತು.

ಆಮೇಲೆ ಇಬ್ಬರೂ ಕೂತು ಅವಳು ಹಾಕಿದ ನೀರನ್ನೆಲ್ಲ ಮಳೆಯ ಜೊತೆ ಕೂಡಿಸಿದರು. ಪವಾಡ ಕರಗಿತು. ತೊಟ್ಟಿಯ ಲೆಕ್ಕ ಸುತ್ತಲಿನ ಹೊಲದ ಲೆಕ್ಕಕ್ಕೆ ಸರಿಯಾಗಿ ಹೊಂದಿಕೊಂಡಿತು. ಆದರೆ ಕೂಡಿಸಿದ್ದು ಯಾಕೆ ಅಂತ ಸಮಿತಿ ಕೇಳಿದರೆ ಮಧ್ಯಾಹ್ನದ ಗೆರೆ ತೋರಿಸಲೇಬೇಕು. ತೋರಿಸಿದರೆ ಇವಳ ತೂಕ ಹತ್ತು ಜನರ ಮುಂದೆ ಗೋಡೆಯ ಮೇಲೆ. ತೋರಿಸದೆ ಪವಾಡ ಅಂದುಬಿಟ್ಟರೆ ತೊಟ್ಟಿ ಉಳಿಯುತ್ತದೆ, ಡೈರೆಕ್ಟರಿಗೂ ಸಂತೋಷ.

"ಸುಳ್ಳು ಹೇಳಿ ಉಳಿಸ್ಕೊಂಡ ತಕ್ಕಡೀಲಿ ಆಮೇಲೆ ಏನು ತೂಗ್ತೀರಿ?" ಅಂದಳು ಹೆಂಡತಿ. ಸ್ವಲ್ಪ ಹೊತ್ತು ಉಗುರು ಕಚ್ಚಿದಳು. "ತೋರಿಸಿ. ಆದ್ರೆ ಪೂರ್ತಿ ತೋರಿಸ್ಬೇಕು. ಮೊದಲನೇ ಹಾಳೆ ತೋರಿಸಿ ನಿಲ್ಲಿಸಿದ್ರೋ, ನಾನು ಮನೇಲಿರಲ್ಲ."

ಮರುದಿನ ಸಭೆಯಲ್ಲಿ ಗೆರೆ ಗೋಡೆಯ ಮೇಲೆ ಬಿತ್ತು. ಸಮಿತಿಯ ಅಧ್ಯಕ್ಷೆ ಕನ್ನಡಕ ಏರಿಸಿ ಕೇಳಿದರು. "ಮಧ್ಯಾಹ್ನ ಮಧ್ಯಾಹ್ನ ಮೇಲೇಳುತ್ತಲ್ಲ, ಇದೇನು?"

"ನನ್ನ ಹೆಂಡತಿ," ಅಂದರು ಮೇಷ್ಟ್ರು.

ಡೈರೆಕ್ಟರು ಕಣ್ಣು ಮುಚ್ಚಿಕೊಂಡರು. ಸಭೆ ಗೊಳ್ಳೆಂದು ನಕ್ಕಿತು. ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತಾ ಕ್ಯಾನಿನಿಂದ ಇರುವೆಯವರೆಗೆ ಒಂದನ್ನೂ ಬಿಡದೆ ಹೇಳಿದರು. ಒಬ್ಬೊಬ್ಬರೇ ನಗು ನಿಲ್ಲಿಸಿದರು. ಅಧ್ಯಕ್ಷೆ ಎದ್ದು ಗೋಡೆಯ ಹತ್ತಿರ ಹೋಗಿ ಗೆರೆಯ ತುದಿಯವರೆಗೂ ಬೆರಳು ಜಾರಿಸಿದರು.

"ಇಷ್ಟು ಮಣ್ಣಿನ ಭಾರದ ನಡುವೆ ಒಬ್ಬ ಹೆಂಗಸು ದಿನದಿನಕ್ಕೂ ಇಳಿದದ್ದನ್ನ ಹಿಡಿದಿದೆಯಲ್ಲ! ಇದನ್ನ ಗುಜರಿಗೆ ಹಾಕೋಕೆ ನನಗೇನು ಹುಚ್ಚೇ? ತೊಟ್ಟಿ ಇರಲಿ. ಸುತ್ತ ಬೇಲಿ ಹಾಕಿಸಿ. ಅವರಿಗೊಂದು ಕುರ್ಚಿ ಹಾಕಿಸಿ."

ಮೇಷ್ಟ್ರು ಓಡುತ್ತಲೇ ಹೊರಗೆ ಬಂದರು. ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದಳು. ತೊಟ್ಟಿ ಉಳಿಯಿತೇ ಅಂತ ಅವಳು ಕೇಳಲೇ ಇಲ್ಲ.

"ಕೊನೇ ಹಾಳೆವರೆಗೂ ನೋಡಿದ್ರಾ ಅವರು?"

"ಎಲ್ಲರೂ ನೋಡಿದ್ರು ಕಣೇ," ಅಂದರು ಮೇಷ್ಟ್ರು. "ತಡವಾಗಿ ನೋಡಿದೋನು ನಾನೊಬ್ಬನೇ."